ಕಾವಿಗಿಟ್ಟ ನಾಲ್ಕು ನಳಿಕೆಗಳು

ಏನೂ ಬೆಳೆಯದ ಗಾಜಿನ ತಟ್ಟೆಯನ್ನು ಕಂಡು ಸಮಾಧಾನಪಡಬಾರದೆಂದು ನನಗೆ ಯಾರೂ ಕಲಿಸಿರಲಿಲ್ಲ. ಅದನ್ನು ನಾನು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಾಲ್ಕು ದಿನಗಳ ಅವಧಿಯಲ್ಲಿ, ಹೆದರಿ ಹೆದರಿ ಕಲಿತೆ.

ತಂತಿ ಬಂದ ಬೆಳಿಗ್ಗೆ ಬೆಂಗಳೂರಿನ ನಮ್ಮ ರೋಗಾಣು ಪರೀಕ್ಷೆಯ ಪ್ರಯೋಗಶಾಲೆಯಲ್ಲಿ ನಾನು ಮತ್ತು ಜವಾನ ಇಬ್ಬರೇ ಇದ್ದೆವು. ನನ್ನ ಮೇಲಧಿಕಾರಿಗಳಾದ ಡಾಕ್ಟರು ಪ್ಲೇಗಿನ ಕೆಲಸದ ಮೇಲೆ ಕಾನಕಾನಹಳ್ಳಿಯ ಕಡೆಗೆ ಹೋಗಿದ್ದರು. ತಂತಿಯನ್ನು ಕಳುಹಿಸಿದವರು ತಾಲ್ಲೂಕಿನ ಅಮಲ್ದಾರರು. ಬೈರಾಪಟ್ಟಣದ ಆಚೆಯ ಹಳ್ಳಿಯೊಂದರಲ್ಲಿ, ಮದುವೆಯಾದ ಮೇಲಿನ ಬೀಗರೂಟದ ತರುವಾಯ ಹದಿಮೂರು ಜನಕ್ಕೆ ವಾಂತಿ ಭೇದಿ. ಒಂದು ಮಗು ತೀರಿಕೊಂಡಿದೆ. ಕಾಲರಾ ಅಥವಾ ವಿಷವೆಂಬ ಶಂಕೆ. ಸಾಮಾನು ಸಹಿತ ಕೂಡಲೇ ಬರತಕ್ಕದ್ದು. ನಾನು ಅದನ್ನು ಮೂರು ಬಾರಿ ಓದಿದೆ. ಮೂರು ಬಾರಿಯೂ ವಿಳಾಸದಲ್ಲಿ ಬೇರೆಯವರ ಹೆಸರಿರಬಹುದೆಂದು ಆಸೆಪಟ್ಟೆ. ತಂತಿ ಬಂತೆಂದರೆ ಸಾವಿನ ಸುದ್ದಿಯೆಂದೇ ತಿಳಿಯುವ ಮನೆಯಿಂದ ನಾನು ಬಂದವನು. ಆ ಮನೆಯಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ.

ಆ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಒಬ್ಬನೇ ಹೊರಗೆ ಹೋಗಿ ಪರೀಕ್ಷೆ ನಡೆಸಿದ್ದು ಒಮ್ಮೆಯೂ ಇಲ್ಲ. ಮರದ ಪೆಟ್ಟಿಗೆಗಳಲ್ಲಿ ತಟ್ಟೆಗಳನ್ನೂ ನಳಿಕೆಗಳನ್ನೂ ಹೊಟ್ಟಿನ ನಡುವೆ ಜೋಡಿಸಿದೆ. ಪ್ಲಾಟಿನಂ ತಂತಿ, ಸ್ಪಿರಿಟ್ ದೀಪ, ಸೂಕ್ಷ್ಮದರ್ಶಕ, ಫಿನಾಯಿಲ್, ಕೊನೆಗೆ ಕಾವಿನ ಪೆಟ್ಟಿಗೆ. ಈ ಪೆಟ್ಟಿಗೆ ತಾಮ್ರದ್ದು. ಅದರ ಜೋಡಿ ಗೋಡೆಗಳ ನಡುವೆ ನೀರು ತುಂಬಿ, ಕೆಳಗೆ ಸೀಮೆಎಣ್ಣೆಯ ಸಣ್ಣ ದೀಪ ಹಚ್ಚಿದರೆ ಒಳಗೆ ಮನುಷ್ಯನ ಮೈಯಷ್ಟೇ ಬಿಸಿ ನಿಲ್ಲುತ್ತದೆ. ರೋಗಾಣುಗಳು ಬೆಳೆಯುವುದು ಆ ಬಿಸಿಯಲ್ಲಿ. ನಾನು ಸಾಮಾನಿನ ಪಟ್ಟಿಯನ್ನು ಎರಡನೆಯ ಸಲ ಬರೆಯತೊಡಗಿದಾಗ ಜವಾನ ಬಾಗಿಲಿನಿಂದಲೇ ಹೇಳಿದ:

"ಸ್ವಾಮಿ, ನೀವು ಬರ್ಕೊಂಡ್ ಕೂತ್ರೆ ರೈಲು ನಿಮ್ಮ ಅಕ್ಷರ ಚೆಂದಾಗಿದೆ ಅಂತ ನಿಲ್ಲಾಕಿಲ್ಲ."

ರೈಲು ಬಿಡದಿ ದಾಟಿತು. ಆಗ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ರಾಮನಗರದ ಬಂಡೆಗಳು ಕಾಣಿಸಿಕೊಂಡು ಹಿಂದೆ ಸರಿದವು. ಕಾಲರಾ ಎಂದಾದರೆ ನಾನು ಅದನ್ನು ಗುರುತಿಸಬಲ್ಲೆನೆ, ಗುರುತಿಸುವ ಮೊದಲೇ ಅದು ನನಗೆ ತಗಲಿದರೆ ಮಾಗಡಿಯಲ್ಲಿರುವ ತಂದೆಗೆ ಯಾರು ತಿಳಿಸುತ್ತಾರೆ ಎಂಬ ಎರಡು ಪ್ರಶ್ನೆಗಳನ್ನೇ ನಾನು ಚನ್ನಪಟ್ಟಣದವರೆಗೂ ಮಗುಚುತ್ತಿದ್ದೆ.

ಅಮಲ್ದಾರರು ಆ ಹಳ್ಳಿಯ ಚಾವಡಿಯಲ್ಲಿಯೇ ಬಿಡಾರ ಮಾಡಿದ್ದರು. ವಯಸ್ಸಾದವರು, ಮಾತು ಕಡಿಮೆ. "ಕಾಲರಾ ಆದರೆ ಸಂತೆ ನಿಲ್ಲಿಸಬೇಕು, ರೇಷ್ಮೆಗೂಡಿನ ಗಾಡಿಗಳನ್ನು ತಡೆಯಬೇಕು. ಅಲ್ಲವಾದರೆ ಅದನ್ನು ಮೊದಲು ಹೇಳಿ. ಆಮೇಲಿನದು ನನಗೆ ಬಿಡಿ" ಎಂದರು. ಆಮೇಲಿನದು ಏನೆಂದು ನಾನು ಕೇಳಲಿಲ್ಲ. ದೊಡ್ಡವರನ್ನು ಮರುಪ್ರಶ್ನೆ ಕೇಳಬಾರದೆಂಬುದು ನನಗೆ ಓದಿಗಿಂತ ಮೊದಲೇ ಬಂದ ವಿದ್ಯೆ.

ಮದುವೆಯ ಮನೆ ಊರಿನ ಯಜಮಾನರದು. ನಾವು ಹೋಗುವಷ್ಟರಲ್ಲಿ ಮನೆಯ ಒಳಗೂ ಹೊರಗೂ ಸುಣ್ಣ ಚೆಲ್ಲಿದ್ದರು. ನಾನು ಪುಸ್ತಕದಲ್ಲಿ ಗೆರೆ ಹಾಕಿಕೊಂಡು ಪ್ರತಿಯೊಬ್ಬರ ಹೆಸರು, ವಯಸ್ಸು, ಊಟ ಮಾಡಿದ ಹೊತ್ತು, ಊಟದಲ್ಲಿ ತಿಂದ ಪದಾರ್ಥ, ವಾಂತಿ ಮೊದಲಾದ ಹೊತ್ತು ಎಂದು ಕ್ರಮವಾಗಿ ತುಂಬಿಸಿದೆ. ಎಲ್ಲರದೂ ಒಂದೇ ಉತ್ತರ: ಮುದ್ದೆ, ಕೋಳಿ ಸಾರು, ಅನ್ನ, ಮಜ್ಜಿಗೆ. ಕಾಯಿಲೆ ಬಿದ್ದವರೂ ಅದನ್ನೇ ತಿಂದಿದ್ದರು, ಬೀಳದವರೂ ಅದನ್ನೇ ತಿಂದಿದ್ದರು. ಮಿಕ್ಕ ಸಾರು ಇನ್ನೂ ಒಲೆಯ ಮೇಲಿತ್ತು. ಬಾವಿಯ ನೀರು, ಆ ಸಾರು, ರೋಗಿಗಳ ಭೇದಿಯ ಮಾದರಿ ಮೂರನ್ನೂ ಸೀಸೆಗಳಿಗೆ ತುಂಬಿಸಿಕೊಂಡೆ.

ನಮ್ಮದು ಲಿಂಗ ಧರಿಸುವ ಮನೆತನ. ತಂದೆ ಮಾಗಡಿಯ ಪೇಟೆಯಲ್ಲಿ ದಿನಸಿಯ ಅಂಗಡಿ ಇಟ್ಟಿದ್ದವರು. ಮಗ ಔಷಧಿಗೆ ಸಂಬಂಧಪಟ್ಟ ಕೆಲಸದಲ್ಲಿದ್ದಾನೆಂದು ಮಾತ್ರ ಅವರಿಗೆ ಗೊತ್ತಿತ್ತು. ಮಾಂಸ ಬೇಯಿಸುವ ಅಡಿಗೆಮನೆಯ ಹೊಸಲಿನಲ್ಲಿ ನಾನು ನಿಂತದ್ದು ಅದೇ ಮೊದಲು. ಉಸಿರು ಹಿಡಿದು, ಒಲೆಯನ್ನೊಮ್ಮೆ ನೋಡಿ, ಈಚೆಗೆ ಬಂದುಬಿಟ್ಟೆ. ಆ ಹೊಸಲಿನಲ್ಲಿ ಇನ್ನೈದು ನಿಮಿಷ ನಿಂತು, ಅಲ್ಲಿ ಏನು ಹೇಗೆ ನಡೆಯುತ್ತದೆಂದು ಹೆಂಗಸರನ್ನು ಕೇಳಿದ್ದರೆ ಮುಂದಿನದು ಒಂದೂ ನಡೆಯುತ್ತಿರಲಿಲ್ಲ.

ಹೊರಗೆ ಜಗಲಿಯ ಮೇಲೆ ಕುಳಿತಿದ್ದವರು ಬೇರೊಂದು ಮಾತನಾಡುತ್ತಿದ್ದರು. ಊಟಕ್ಕೆ ಕುಯ್ದ ಕೋಳಿಗಳು ಊರ ಹೊರಗಿನ ಒಬ್ಬ ವಿಧವೆ ಸಾಕಿದವು. ಕೋಳಿಗಳು ಯಜಮಾನರವು, ಸಾಕುವುದು ಆಕೆ, ಮರಿಯಲ್ಲಿ ಇಬ್ಬರಿಗೂ ಪಾಲು. ಮದುವೆಗೆ ಒಂದು ವಾರ ಮೊದಲು, ಒಳ್ಳೆಯ ಕೋಳಿಗಳನ್ನೆಲ್ಲ ಒಟ್ಟಿಗೆ ಕೇಳಿದರೆಂದು, ಆಕೆ ಯಜಮಾನಿತಿಯ ಮೇಲೆ ಬೀದಿಯಲ್ಲಿ ನಿಂತು ಕೂಗಾಡಿದ್ದಳಂತೆ. ಬಡಿಸುವ ದಿನ ಅಡಿಗೆಮನೆಯಲ್ಲಿ ಕೋಳಿ ಕುಯ್ದು ತೊಳೆದುಕೊಟ್ಟವಳೂ ಅವಳೇ.

"ಮದ್ದಾಕವಳೆ ಕಣ್ಲಾ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ, ನನಗೆ ಕೇಳಲೆಂದೇ.

ನಮ್ಮ ಸೀಮೆಯಲ್ಲಿ ಈ ಮಾತಿನ ಭಾರ ಎಲ್ಲರಿಗೂ ಗೊತ್ತು. ಕೆಲವು ಹೆಂಗಸರು ಅನ್ನದಲ್ಲಿಯೋ ಮಜ್ಜಿಗೆಯಲ್ಲಿಯೋ ಗುಟ್ಟಾಗಿ ಏನನ್ನೋ ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ನಿಂತು ಮನುಷ್ಯನನ್ನು ಸವೆಸಿ ಕೊಲ್ಲುತ್ತದೆ ಎಂಬ ನಂಬಿಕೆ. ಚಿಕ್ಕಂದಿನಲ್ಲಿ ನನ್ನ ತಾಯಿ ಪರರ ಮನೆಯಲ್ಲಿ ಒಂದು ಲೋಟ ಪಾನಕವನ್ನೂ ನನಗೆ ಕುಡಿಯಗೊಟ್ಟವಳಲ್ಲ.

ನಾನು ಆ ವಿಧವೆಯ ಗುಡಿಸಲಿಗೆ ಹೋದೆ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಮೂಲೆಯಲ್ಲಿ ಒಂದು ಬುಟ್ಟಿ ಬೋರಲಾಗಿತ್ತು. ಕೋಳಿಗಳಿಗೆ ಕಾಯಿಲೆ ಏನಾದರೂ ಇತ್ತೇ ಎಂದು ಕೇಳಿದೆ.

"ಎಲ್ಲಾ ಚೆಂದಾಗವೆ ಬುದ್ಧಿ. ಕಾಣಾಕಿಲ್ವಾ?" ಎಂದಳು. ಆಮೇಲೆ ಒಳಗೆ ಹೋಗಿ ಕಂಚಿನ ಚೊಂಬು ತಂದಳು. "ಬಿಸ್ಲಾಗೆ ಬಂದಿದ್ದೀರಿ. ಒಸಿ ಮಜ್ಜಿಗೆ ಕುಡೀರಿ."

"ಬೇಡಮ್ಮ, ಈಗ ತಾನೇ ಕುಡಿದೆ" ಎಂದೆ. ಅದು ಸುಳ್ಳು. ಬೆಳಗಿನಿಂದ ನನ್ನ ನಾಲಿಗೆ ಒಣಗಿತ್ತು. ಆಕೆ ನನ್ನ ಮುಖವನ್ನು ನೋಡಿ ಚೊಂಬನ್ನು ಒಳಗೆ ತೆಗೆದುಕೊಂಡು ಹೋದಳು.

ಚನ್ನಪಟ್ಟಣದ ಪ್ರಯಾಣಿಕರ ಬಂಗಲೆಯಲ್ಲಿ ಮಾದರಿಗಳನ್ನೆಲ್ಲ ಪ್ಲಾಟಿನಂ ತಂತಿಯಿಂದ ತಟ್ಟೆಗಳ ಮೇಲೆ ಗೆರೆಗೆರೆಯಾಗಿ ಎಳೆದು ಕಾವಿನ ಪೆಟ್ಟಿಗೆಗೆ ಸೇರಿಸಿದೆ. ನಾನು ಬಳಸಿದ್ದು ಪಿತ್ತಲವಣವನ್ನೂ ಹಾಲಿನ ಸಕ್ಕರೆಯನ್ನೂ ಸೇರಿಸಿದ ಅಗರ್ ಎಂಬ, ಕಡಲಪಾಚಿಯಿಂದ ಮಾಡಿದ ಹೆಪ್ಪು. ಕರುಳಿನ ಸಾಮಾನ್ಯ ಜೀವಾಣುಗಳು ಆ ಸಕ್ಕರೆಯನ್ನು ತಿಂದು ಕೆಂಪು ಚುಕ್ಕಿಗಳಾಗಿ ಬೆಳೆಯುತ್ತವೆ. ವಿಷಮಶೀತಜ್ವರದ ಬಳಗದವು ಅದನ್ನು ತಿನ್ನಲಾರದೆ ಬಣ್ಣವಿಲ್ಲದ ಚುಕ್ಕಿಗಳಾಗುತ್ತವೆ. ಈಗ ಸಾಲ್ಮೊನೆಲ್ಲ ಎಂದು ಎಲ್ಲರೂ ಒಂದೇ ಹೆಸರಿನಿಂದ ಕರೆಯುವ ಗುಂಪಿಗೆ ಆಗ ನಮ್ಮ ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಕೆಟ್ಟ ಮಾಂಸದಿಂದ ಬರುವ ಭೇದಿಗೆ ಈ ಬಳಗವೇ ಕಾರಣವೆಂಬುದನ್ನು ನಾನು ಓದಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಪೆಟ್ಟಿಗೆಯನ್ನು ತೆರೆದೆ. ಬಾವಿಯ ನೀರಿನಲ್ಲಿ ಕಾಲರಾ ಇಲ್ಲ. ಸಾರಿನ ತಟ್ಟೆ ತೊಳೆದಿಟ್ಟಂತೆ ಇತ್ತು. ಭೇದಿಯ ಮಾದರಿಗಳಲ್ಲಿಯೂ ಏನೂ ಇಲ್ಲ. ಒಂದು ಕೆಂಪು ಚುಕ್ಕಿ ಸಹ ಇಲ್ಲ. ನನಗೆ ಕಣ್ಣೀರು ಬರುವಷ್ಟು ಹಗುರವಾಯಿತು. ಆರು ಬಾರಿ ಕರಡು ತಿದ್ದಿ ಅಮಲ್ದಾರರಿಗೆ ಪತ್ರ ಬರೆದೆ: ಕಾಲರಾ ಅಲ್ಲ, ಪರೀಕ್ಷಿಸಿದ ಯಾವ ವಸ್ತುವಿನಲ್ಲಿಯೂ ರೋಗಕಾರಕ ಅಣುಗಳು ಕಂಡುಬಂದಿರುವುದಿಲ್ಲ. ಎರಡನೆಯ ವಾಕ್ಯದ ಅಚ್ಚುಕಟ್ಟಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಪತ್ರ ಕೊಟ್ಟು ಬಂದ ಜವಾನ ರುಮಾಲು ಬಿಚ್ಚುತ್ತ ಹೇಳಿದ: "ಅಮಲ್ದಾರ್ ಸಾಹೇಬ್ರು ಬಲೇ ಖುಷಿಪಟ್ರು ಸ್ವಾಮಿ. ಸಂತೆ ನಡೀಲಿ ಅಂದ್ರು."

"ಒಳ್ಳೆಯದಾಯಿತು."

"ಆ ಕೋಳಿಯವಳನ್ನ ನಾಳೆ ಹಿಡ್ಕೊಂಡೋಗ್ತಾರಂತೆ. ದಫೇದಾರ್ರು ಬೇಡಿ ತರ್ಸವ್ರೆ."

"ಏಕೆ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ರೋಗ ಅಲ್ಲ ಅಂತ ನೀವೇ ಬರ್ಕೊಟ್ರಲ್ಲ ಸ್ವಾಮಿ. ರೋಗ ಅಲ್ದಿದ್ರೆ ಇನ್ನೇನು, ಮದ್ದೇಯ. ಕೂಸು ಸತ್ತೈತೆ. ಗಲ್ಲೋ, ಜನ್ಮಾವಧಿಯೋ ಅಂತ ಚಾವ್ಡಿ ಮುಂದೆ ಪಂದ್ಯ ಕಟ್ತಾ ಅವ್ರೆ."

ನನ್ನ ಅಚ್ಚುಕಟ್ಟಾದ ವಾಕ್ಯ ಹೋಗಿ ಆ ಹೆಂಗಸಿನ ಕೊರಳಿಗೆ ಬಿದ್ದಿತ್ತು.

ಮತ್ತೆ ತಟ್ಟೆಗಳ ಮುಂದೆ ಕುಳಿತೆ. ಆಗ ತಿಳಿಯಿತು. ಮನುಷ್ಯನ ಕರುಳಿನಿಂದ ಬಂದ ವಸ್ತುವಿನಲ್ಲಿ ಒಂದು ಕೆಂಪು ಚುಕ್ಕಿಯೂ ಇರದಿರುವುದು ಆರೋಗ್ಯದ ಲಕ್ಷಣವಲ್ಲ, ಅಸಾಧ್ಯ. ಆ ಮಾದರಿಗಳ ಮೇಲೆ ಸುಣ್ಣ ಬಿದ್ದಿತ್ತು. ಬಿದ್ದಿದ್ದನ್ನು ನಾನೇ ನೋಡಿದ್ದೆ. ಸಾರನ್ನು ಆ ಮನೆಯವರು ಕೆಡಬಾರದೆಂದು ಎರಡು ದಿನವೂ ಎರಡು ಹೊತ್ತು ಕುದಿಸಿದ್ದರು. ನಾನು ಪರೀಕ್ಷಿಸಿದ್ದೆಲ್ಲ ಮೊದಲೇ ಸುಟ್ಟದ್ದು ಅಥವಾ ಬೇಯಿಸಿದ್ದು. ಏನೂ ಕಾಣಲಿಲ್ಲವೆಂದು ಬರೆದದ್ದು ನಿಜ. ಏನಾದರೂ ಕಾಣುವ ಸ್ಥಿತಿಯಲ್ಲಿ ನಾನು ಇರಲಿಲ್ಲವೆಂದು ಬರೆಯದಿದ್ದದ್ದು ನನ್ನ ತಪ್ಪು.

ಹಾಗೆ ಈಗ ಬರೆದರೆ? ಹನ್ನೊಂದು ತಿಂಗಳ ಗುಮಾಸ್ತೆಯಂಥವನೊಬ್ಬ ತಾನೇ ಸಹಿ ಮಾಡಿದ ಪತ್ರವನ್ನು, ಡಾಕ್ಟರ ಅನುಮತಿಯಿಲ್ಲದೆ, ತಾನೇ ಹಿಂದಕ್ಕೆ ಪಡೆದರೆ ಅವನನ್ನು ಉಳಿಸಿಕೊಳ್ಳುತ್ತಾರೆಯೆ? ನಾನು ಪಾಸಾದ ದಿನ ತಂದೆ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದ್ದರು. ಕೆಲಸ ಹೋದ ಸುದ್ದಿಯೂ ಅದೇ ಅಂಗಡಿಗೆ ಬರುತ್ತದೆ.

ಮೂರನೆಯ ದಿನ ಬೆಳಿಗ್ಗೆ ಸಾಮಾನನ್ನೆಲ್ಲ ಗಾಡಿಗೆ ಹೇರಿಸಿ ಹಳ್ಳಿಗೇ ಹೊರಟೆ. ಮಾದರಿಯನ್ನು ಈ ಸಲ ನಾನೇ ತೆಗೆಯಬೇಕು, ಅಲ್ಲಿಯೇ ಎಳೆಯಬೇಕು ಎಂಬಷ್ಟೇ ನಿಶ್ಚಯ. ತಪ್ಪೊಪ್ಪಿಕೊಳ್ಳುವ ನಿಶ್ಚಯ ಇನ್ನೂ ಇರಲಿಲ್ಲ. ಕಣ್ವದ ಹಳ್ಳ ದಾಟುವಲ್ಲಿ ಗಾಡಿಯ ಗಾಲಿ ಕೊರಕಲಿಗೆ ಇಳಿಯಿತು. ಕಾವಿನ ಪೆಟ್ಟಿಗೆ ಕಲ್ಲಿನ ಮೇಲೆ ಉರುಳಿ, ಬೆಸುಗೆ ಬಿಟ್ಟು, ನೀರೆಲ್ಲ ಸೋರಿಹೋಯಿತು. ನಾನು ದಾರಿಯಲ್ಲಿಯೇ ಕುಕ್ಕರಿಸಿ ಕುಳಿತೆ. ಜವಾನ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿ, "ಎಳ್ಳು ಉರಿಯಾಕೆ ಆಯ್ತದೆ" ಎಂದು ಗಾಡಿಗೆ ಎಸೆದ.

ಯಜಮಾನರ ಮನೆಯಲ್ಲಿ ಅವರ ಹೆತ್ತ ತಾಯಿ ಇನ್ನೂ ಹಾಸಿಗೆಯಲ್ಲಿದ್ದರು. ಎಂಬತ್ತು ದಾಟಿದ ಅಜ್ಜಿ. ಮೊದಲ ದಿನ ಅವರ ಹೆಸರಿನ ಮುಂದೆ ಮನೆಯವರು ಹೇಳಿದಂತೆ "ಮುದ್ದೆ, ಕೋಳಿ ಸಾರು" ಎಂದು ಬರೆದುಕೊಂಡಿದ್ದೆ. ಈ ಸಲ ಅವರನ್ನೇ ಕೇಳಿದೆ: ಮಾಂಸ ಎಷ್ಟು ತಿಂದಿರಿ?

"ಬಾಡಾ?" ಅಜ್ಜಿ ಬಾಯಿ ತೆರೆದು ತೋರಿಸಿದರು. "ಒಂದಾದ್ರೂ ಹಲ್ಲೈತಾ ನೋಡ್ಲಾ ಮಗ. ಬರೀ ಸಾರ್ನಾಗೆ ಮುದ್ದೆ ನುಂಗ್ದೆ. ಅಷ್ಟೇಯ."

"ಸಾರು ಎಲ್ಲರೂ ತಿಂದಿದ್ದಾರಲ್ಲ ಅಜ್ಜಿ. ಅವರಿಗೇನೂ ಆಗಲಿಲ್ಲ."

"ನಂಗೇನ್ ಗೊತ್ತು. ನೀನು ಓದ್ದೋನು, ನೀನೇಳು."

ನಾನು ಪುಸ್ತಕವನ್ನು ನೋಡಿದೆ. ಹದಿಮೂರು ಹೆಸರು. ಒಂಬತ್ತು ಮಕ್ಕಳು, ಮೂವರು ಮುದುಕರು, ಮಧ್ಯವಯಸ್ಸಿನವನು ಒಬ್ಬನೇ. ಸೂಕ್ಷ್ಮ ದೇಹಗಳೆಂದು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ. "ಊಟಕ್ಕೆ ಮುಂಚೆ ಏನಾದರೂ ತಿಂದಿರಾ?" ಎಂದು ಕೇಳಿದೆ, ಕೇಳುವುದಕ್ಕೆ ಬೇರೇನೂ ತೋಚದೆ.

"ಓ, ಅದಾ!" ಎಂದರು ಅಜ್ಜಿ. "ಒಲೆ ತಾವ ಕೂತಿದ್ನಲ್ಲ, ಕೆಂಡದ್ ಮೇಲೆ ಈಲಿ ಸುಟ್ಟು ಕೊಟ್ರು. ಮೆತ್ಗಿರ್ತದೆ. ಐಕ್ಳಿಗೂ ಕೊಟ್ರು. ಅದೇನ್ ಊಟವಾ? ಬೇಯೋಗಂಟ ಅಳ್ದಿರ್ಲಿ ಅಂತ ಕೊಡೋದು."

ಸುತ್ತಲಿದ್ದ ಹೆಂಗಸರು ತಲೆಯಾಡಿಸಿದರು. ಕೋಳಿ ಕುಯ್ದ ಮನೆಯಲ್ಲಿ, ಸಾರು ಬೇಯುವ ಮೊದಲು, ಒಳಗಿನ ಈಲಿಯನ್ನು, ಅಂದರೆ ಯಕೃತ್ತನ್ನು, ಕೆಂಡಕ್ಕೆ ತೋರಿಸಿ ಮಕ್ಕಳ ಕೈಗೂ ಹಲ್ಲಿಲ್ಲದವರ ಕೈಗೂ ಕೊಡುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಷ್ಟು ಗೊತ್ತಿತ್ತೆಂದರೆ ಅದನ್ನು ಯಾರೂ ಹೇಳಲಿಲ್ಲ. ಗೊತ್ತಿಲ್ಲದವನು ನಾನೊಬ್ಬ, ಗೊತ್ತಿಲ್ಲವೆಂಬುದೂ ನನಗೆ ಗೊತ್ತಿರಲಿಲ್ಲ. ಮೇಲೆ ಕಪ್ಪಾದರೂ ಒಳಗೆ ಹಸಿಯಾಗಿಯೇ ಉಳಿಯುವ ತುಂಡು ಅದು. ಕುದಿದ ಸಾರಿನಲ್ಲಿ ಸತ್ತದ್ದು ಅದರೊಳಗೆ ಬದುಕಿರುತ್ತದೆ.

"ಹಾಗಾದರೆ ಇವರು?" ಎಂದು ಮಧ್ಯವಯಸ್ಸಿನವನನ್ನು ತೋರಿಸಿದೆ.

ಮೂಲೆಯಲ್ಲಿ ಮಲಗಿದ್ದವನು ಮುಸುಕೆಳೆದುಕೊಂಡ. ಅಜ್ಜಿ ನಕ್ಕರು. "ಅವ್ನಾ? ಹೆಂಡಕ್ಕೆ ನಂಚ್ಕೊಳಾಕೆ ಅಂತ ನನ್ ಪಾಲ್ನಾಗೇ ಕಿತ್ಕೊಂಡ್ ತಿಂದ. ಅನುಭವಿಸ್ಲಿ."

ಹದಿಮೂರು ಜನವೂ ಒಲೆಯ ಮುಂದೆ ಕುಳಿತವರು. ನಾನು ಅಜ್ಜಿಯ ಮಾದರಿಯನ್ನೂ ಒಂದು ಮಗುವಿನ ಮಾದರಿಯನ್ನೂ, ಸುಣ್ಣ ಸೋಕದಂತೆ, ಹೊಸ ಮಡಕೆಯ ಚೂರುಗಳಲ್ಲಿ ನಾನೇ ನಿಂತು ಹಿಡಿದುಕೊಂಡು ವಿಧವೆಯ ಗುಡಿಸಲಿಗೆ ಹೆಚ್ಚುಕಡಿಮೆ ಓಡಿದೆ.

ದಫೇದಾರ ಆಗಲೇ ಬೇಲಿಯ ಬಳಿ ನಿಂತಿದ್ದ. ಆಕೆ ಅಂಗಳದ ನಡುವೆ ಕುಳಿತಿದ್ದಳು. ಮೊದಲ ದಿನ ಬೋರಲಾಗಿ ಕಂಡಿದ್ದ ಮೂಲೆಯ ಬುಟ್ಟಿಯನ್ನು ನಾನು ಎತ್ತಿದೆ. ಕೆಳಗೆ ಒಂದು ಕೋಳಿ, ಗರಿ ಕೆದರಿ, ರೆಕ್ಕೆ ಇಳಿಬಿಟ್ಟು, ಕಣ್ಣುಮುಚ್ಚಿ ತೂಕಡಿಸುತ್ತಿತ್ತು.

"ಮದುವೆಗೆ ಕೊಟ್ಟವುಗಳಲ್ಲಿ ಹೀಗಿದ್ದವು ಎಷ್ಟಮ್ಮ?"

ಆಕೆ ಬೇಲಿಯ ಕಡೆ ನೋಡಿದಳು. ಆಮೇಲೆ, ದಫೇದಾರನಿಗೆ ಕೇಳದ ಹಾಗೆ: "ನಾಕು ಬುದ್ಧಿ. ಮೊದ್ಲು ಅವುನ್ನೇ ಕುಯ್ದುಬುಟ್ಟೆ. ತಾನಾಗಿ ಸತ್ರೆ ಸಾಕ್ದೋಳು ಕೊಂದ್ಲು ಅಂತಾರೆ, ಇನ್ನೊಂದ್ ಕೋಳಿ ಕಟ್ಕೊಡ್ಬೇಕು. ಕುಯ್ದ್ರೆ ಪಾಲು. ಎಲ್ರೂ ಅಂಗೇ ಮಾಡೋದು. ತೂಕಡಿಸೋ ಕೋಳಿನ ಯಾರೂ ಸಾಯಾಕೆ ಬುಡಾಕಿಲ್ಲ."

"ಇದನ್ನು ಅವರಿಗೆ ಏಕೆ ಹೇಳಲಿಲ್ಲ? ನಿಮ್ಮನ್ನು ಮದ್ದು ಹಾಕಿದವಳು ಎನ್ನುತ್ತಿದ್ದಾರಲ್ಲ."

"ಮದ್ದಾಕಿಲ್ಲ ಅಂದೆ. ನಂಬ್ನಿಲ್ಲ. ಸೀಕ್ ಕೋಳಿ ಕೊಟ್ಟೆ ಅಂದ್ರೆ ಮಾತ್ರ ನಂಬ್ತಾರೆ. ನಂಬಿ, ಉಳ್ದವ್ನೂ ಕಿತ್ಕೊಂಡೋಗ್ತಾರೆ. ಆಮ್ಯಾಕೆ ನಾನ್ ಈ ಊರ್ನಾಗೆ ಏನಂತ ಇರ್ಲಿ?"

ಚಾವಡಿಗೆ ಹೋಗುವ ದಾರಿ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯಲ್ಲಿ ನಾನು ಎರಡು ಬಾರಿ ನಿಂತೆ. ಅಮಲ್ದಾರರ ಮುಂದೆ ನಿಂತಾಗ, ಓದಿ ಒಪ್ಪಿಸುವ ಹುಡುಗನಂತೆ ಹೇಳಿದೆ: ನನ್ನ ನಿನ್ನೆಯ ಪತ್ರ ತಪ್ಪು, ಅದನ್ನು ಆಧಾರ ಮಾಡಿಕೊಳ್ಳಬಾರದು, ನನಗೆ ಒಂದು ದಿನ ಬೇಕು.

"ನಿನ್ನೆ ಇಲ್ಲ ಎಂದಿರಿ. ಇವತ್ತು ಇರಬಹುದು ಎನ್ನುತ್ತೀರಿ. ನಾಳೆ?" ಎಂದರು ಅವರು.

"ನಾಳೆ ತೋರಿಸುತ್ತೇನೆ. ಇಲ್ಲವಾದರೆ ತೋರಿಸಲಾಗಲಿಲ್ಲವೆಂದು ಬರೆದುಕೊಡುತ್ತೇನೆ."

"ನಿಮ್ಮ ಡಾಕ್ಟರಿಗೆ ತಿಳಿದಿದೆಯೆ?"

"ಇಲ್ಲ."

ಅವರು ನನ್ನ ಮುಂದೆ ಕಾಗದ ತಳ್ಳಿದರು. "ಹಾಗಾದರೆ ತಪ್ಪು ಎಂದದ್ದನ್ನು ಬರೆಯಿರಿ. ಬರೆದು ಸಹಿ ಮಾಡಿ. ನಾಳೆ ಮಧ್ಯಾಹ್ನದ ರೈಲಿಗೆ ಆಕೆಯನ್ನು ಕಳುಹಿಸಬೇಕು. ಅಲ್ಲಿಯವರೆಗೆ ಸಮಯ." ಆ ದಿನ ನಾನು ಕರಡು ತಿದ್ದಲಿಲ್ಲ. ಒಂದೇ ಸಲಕ್ಕೆ ಬರೆದೆ. ಎರಡು ಕಡೆ ಮಸಿ ಚೆಲ್ಲಿತು.

ಬರೆದುಕೊಟ್ಟು ಬಂದ ಮೇಲೆ ನೆನಪಾಯಿತು, ಕಾವಿನ ಪೆಟ್ಟಿಗೆ ಒಡೆದಿದೆ. ಕಾವಿಲ್ಲದೆ ಒಂದು ದಿನದಲ್ಲಿ ಏನೂ ಬೆಳೆಯದು. ಗುಡಿಸಲಿನ ಮುಂದೆ ಆ ತಾಮ್ರದ ಪೆಟ್ಟಿಗೆಯನ್ನು ಇಟ್ಟುಕೊಂಡು ನಾನು ಅದರ ಸೀಳಿಗೆ ಮೇಣ ಮೆತ್ತುತ್ತಿದ್ದೆ. ಮೇಣ ಕರಗಿ ಬೀಳುತ್ತಿತ್ತು. ಆಕೆ ನೋಡುತ್ತಿದ್ದಳು.

"ಅದ್ಕೆ ಎಷ್ಟು ಕಾವು ಬೇಕು ಬುದ್ಧಿ?"

"ನಮ್ಮ ಮೈಯಷ್ಟು. ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ನಾಳೆಯವರೆಗೆ ಹಾಗೆಯೇ ಇರಬೇಕು."

"ಅಷ್ಟಕ್ಕೆ ತಾಮ್ರದ್ ಪೆಟ್ಗೆ ಯಾಕೆ? ನನ್ ಕರೀ ಕೋಳಿ ಇಪ್ಪತ್ತೊಂದ್ ದಿನ ಅದ್ನೇ ಮಾಡ್ತದೆ. ಕಾವಿಗ್ ಕೂತು ಇವತ್ಗೆ ಎಂಟ್ ದಿನ."

ಗುಡಿಸಲ ಒಳಗೆ, ಬೂದಿ ಹರಡಿದ ಹಳೆಯ ಕುಕ್ಕೆಯಲ್ಲಿ, ಕಪ್ಪು ಕೋಳಿಯೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಉಷ್ಣಮಾಪಕವನ್ನು ಅದರ ಹೊಟ್ಟೆಯಡಿಗೆ ತೂರಿಸಿದೆ. ಅದು ನನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕುಟುಕಿತು. ಪ್ರಯೋಗಶಾಲೆಯ ಪೆಟ್ಟಿಗೆಯಲ್ಲಿ ನಾವು ಇಡುತ್ತಿದ್ದ ಬಿಸಿಗೂ ಇದಕ್ಕೂ ಅರ್ಧ ಅಂಶದ ಅಂತರವೂ ಇರಲಿಲ್ಲ.

ತೂಕಡಿಸುತ್ತಿದ್ದ ಕೋಳಿಯನ್ನು ಜವಾನ ಕುಯ್ದ. ಕಾಲುಗಳನ್ನು ನಾನು ಹಿಡಿದುಕೊಂಡೆ. ಶರಟಿನ ಒಳಗೆ ಲಿಂಗ ಎದೆಗೆ ತಾಗುತ್ತಿತ್ತು, ನಾನು ಬೇರೆಡೆ ನೋಡುತ್ತಿದ್ದೆ. "ಕಣ್ಬುಡಿ ಸ್ವಾಮಿ, ನೀವು ನೋಡ್ದಿದ್ರೆ ಅದೇನ್ ಬದುಕ್ಕೊಳ್ಳಾಕಿಲ್ಲ" ಎಂದ ಅವನು. ಈಲಿ ಎರಡರಷ್ಟು ಊದಿಕೊಂಡು, ಹಸಿರು ಬೆರೆತ ಕಂಚಿನ ಬಣ್ಣಕ್ಕೆ ತಿರುಗಿತ್ತು. ಕಾಯಿಸಿದ ಚಾಕುವಿನಿಂದ ಅದರ ಮೇಲ್ಮೈಯನ್ನು ಸುಟ್ಟು, ಸುಟ್ಟ ಜಾಗದ ಮೂಲಕ ಪ್ಲಾಟಿನಂ ತಂತಿಯನ್ನು ಒಳಗಿಳಿಸಿ, ಅಂಟಿದ್ದನ್ನು ಓರೆಯಾಗಿ ಹೆಪ್ಪುಗಟ್ಟಿಸಿದ ಅಗರಿನ ನಳಿಕೆಯ ಮೇಲೆ ಎಳೆದೆ. ಎರಡನೆಯದು ಅಜ್ಜಿಯದು, ಮೂರನೆಯದು ಮಗುವಿನದು. ನಾಲ್ಕನೆಯದರಲ್ಲಿ ಏನನ್ನೂ ಎಳೆಯದೆ ಖಾಲಿ ಬಿಟ್ಟೆ. ಅದರಲ್ಲಿಯೂ ಬೆಳೆದರೆ ನನ್ನ ಕೈಯೇ ಕೊಳಕೆಂದು ಅರ್ಥ. ಹತ್ತಿಯ ಬಿರಡೆಗಳ ಮೇಲೆ ಮೇಣ ಸುರಿದು, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿ, ಖಾಲಿಯದಕ್ಕೆ ಬಿಳಿಯ ದಾರ ಕಟ್ಟಿ, ನಾಲ್ಕನ್ನೂ ಮೊಟ್ಟೆಗಳ ನಡುವೆ ಮಲಗಿಸಿದೆ.

ಸ್ವಲ್ಪ ಹೊತ್ತಿನಲ್ಲಿ ಕೋಳಿ ಕೊಕ್ಕಿನಿಂದ ನಳಿಕೆಗಳನ್ನು ಹೊರಳಿಸಿ ಹೊಟ್ಟೆಯಡಿಗೆ ಎಳೆದುಕೊಂಡಿತು. "ನೋಡಿ, ನಿಮ್ ಗಾಜಿನ್ ಮೊಟ್ಟೆನೂ ತಿರುವಾಕ್ತದೆ" ಎಂದಳು ಆಕೆ. ನಾಳೆ ಬೇಡಿ ಬೀಳಲಿದ್ದ ಹೆಂಗಸು ಆ ಕ್ಷಣ ನಿಜವಾಗಿ ನಕ್ಕಳು.

"ಮರಿ ಆದ್ರೆ ಕಾಲೇಜ್ಗೇ ಸೇರ್ಸಬೇಕಾಯ್ತದೆ ಸ್ವಾಮಿ" ಎಂದ ಜವಾನ. ನನಗೆ ನಗು ಬರಲಿಲ್ಲ.

ಮರುದಿನ ಬಿಸಿಲು ಅಂಗಳಕ್ಕೆ ಇಳಿದ ಮೇಲೆ, ಅಮಲ್ದಾರರು ಬಂದು ನಿಂತಿದ್ದಾಗ, ಕುಕ್ಕೆಗೆ ಕೈಹಾಕಿದೆ. ಮೊದಲು ಸಿಕ್ಕಿದ್ದು ಬಿಳಿಯ ದಾರ. ಬೆಳಕಿಗೆ ಹಿಡಿದೆ: ಏನೂ ಇಲ್ಲ. ಆ ಒಂದು ತಿಳಿಯಾದ ನಳಿಕೆಗೆ ಮಾತ್ರ ನಾನು ಸಂತೋಷಪಡಬಹುದಾಗಿತ್ತು. ಆಮೇಲೆ ಕೋಳಿಯದು. ಇಬ್ಬನಿ ಕೂತಂತೆ, ಬಣ್ಣವಿಲ್ಲದ ತೆಳುವಾದ ಪೊರೆ, ಉದ್ದಕ್ಕೂ. ಅಜ್ಜಿಯ ನಳಿಕೆಯಲ್ಲಿ ಕೆಂಪಿನ ನಡುವೆ ಅವೇ ಬಣ್ಣವಿಲ್ಲದ ಚುಕ್ಕಿಗಳು. ಮಗುವಿನದರಲ್ಲಿಯೂ. ಸೂಕ್ಷ್ಮದರ್ಶಕದಲ್ಲಿ ಮೂರೂ ಕಡೆ ಒಂದೇ ತೆರನ ಗಿಡ್ಡ ಕಡ್ಡಿಗಳು, ಚುರುಕಾಗಿ ಓಡಾಡುತ್ತಿದ್ದವು.

ಅಮಲ್ದಾರರು ಒಂದು ಕಣ್ಣು ಮುಚ್ಚಿ ನೋಡಿದರು. ಅರ್ಥವಾಗಲಿಲ್ಲವೆಂದು ಹೇಳುವವರಲ್ಲ. "ಇದು ಪೂರ್ತಿ ಸಾಕ್ಷಿಯೆ?" ಎಂದು ಕೇಳಿದರು.

ಹೌದೆಂದುಬಿಡಬಹುದಾಗಿತ್ತು. "ಅಲ್ಲ" ಎಂದೆ. "ಬೆಂಗಳೂರಿನಲ್ಲಿ ಸಕ್ಕರೆಗಳ ಪರೀಕ್ಷೆ, ಸೀರಂ ಪರೀಕ್ಷೆ ಆಗಬೇಕು. ಒಂದು ವಾರ."

ಅವರು ನಾಲ್ಕು ನಳಿಕೆಗಳನ್ನೂ, ನನ್ನ ಮಣಿಕಟ್ಟಿನ ಗಾಯವನ್ನೂ, ಕುಕ್ಕೆಯಲ್ಲಿದ್ದ ಕೋಳಿಯನ್ನೂ ನೋಡಿದರು. ದಫೇದಾರನಿಗೆ, "ಊರ ಪಟೇಲರ ಜಾಮೀನಿನ ಮೇಲೆ ಆಕೆ ಇಲ್ಲಿಯೇ ಇರಲಿ" ಎಂದರು.

ಬೆಂಗಳೂರಿಗೆ ಮರಳಿದ ಆ ವಾರ ನಾನು ಊಟ ಮಾಡಿದ್ದು ನೆನಪಿಲ್ಲ. ಒಂದೊಂದು ಚುಕ್ಕಿಯನ್ನೂ ಬೇರ್ಪಡಿಸಿ ಒಂದೊಂದು ಸಕ್ಕರೆಯ ನಳಿಕೆಗೆ ಬಿತ್ತಿದೆ. ಗ್ಲೂಕೋಸಿನಲ್ಲಿ ಗುಳ್ಳೆ ಎದ್ದಿತು, ಹಾಲಿನ ಸಕ್ಕರೆ ಹಾಗೆಯೇ ಉಳಿಯಿತು. ಕೊನೆಯದಾಗಿ, ಈ ಬಳಗದ ಅಣುಗಳನ್ನು ಮಾತ್ರ ಒಟ್ಟುಗೂಡಿಸಿ ಕೆಳಗಿಳಿಸುವ ಸೀರಂ ಅನ್ನು ಬೆರೆಸಿದಾಗ, ಮೂರು ನಳಿಕೆಗಳಲ್ಲಿಯೂ ಕದಡಿದ್ದ ನೀರು ತಿಳಿಯಾಗಿ ತಳದಲ್ಲಿ ಹಿಟ್ಟಿನಂತೆ ಕೂತಿತು. ಕೋಳಿಯ ಈಲಿಯಲ್ಲಿದ್ದದ್ದೇ ಅಜ್ಜಿಯ ಕರುಳಿನಲ್ಲಿಯೂ ಇತ್ತು.

ಅಷ್ಟರಲ್ಲಿ ಡಾಕ್ಟರು ಹಿಂದಿರುಗಿದ್ದರು. ನನ್ನ ವರದಿಯನ್ನು ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ನಾನು "ಸೂಕ್ತವಾದ ಉಷ್ಣದಲ್ಲಿ ಇರಿಸಿ" ಎಂದು ಬರೆದಿದ್ದೆ.

"ಪೆಟ್ಟಿಗೆ ಒಡೆದಿತ್ತಲ್ಲ. ಎಲ್ಲಿ ಇರಿಸಿದಿರಿ?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಖಾಲಿ ನಳಿಕೆ ಇಟ್ಟಿದ್ದಿರಾ?"

"ಇಟ್ಟಿದ್ದೆ. ಶುದ್ಧವಾಗಿತ್ತು."

"ಹಾಗಾದರೆ ಕೋಳಿ ಎಂದೇ ಬರೆಯಿರಿ. ಉಷ್ಣ ಎಷ್ಟಿತ್ತೆಂಬುದನ್ನೂ ಬರೆಯಿರಿ. ಮೊದಲ ಪತ್ರ ತಪ್ಪಾದದ್ದು ಏಕೆ ಎಂಬುದನ್ನೂ." ಆಮೇಲೆ ಕೊನೆಯ ಪುಟ ತಿರುಗಿಸಿದರು. "ಮುಂದಿನ ಕ್ರಮವೇನೆಂದು ಬರೆದಿಲ್ಲವಲ್ಲ? ವಾಸಿಯಾದಂತೆ ಕಾಣುವ ಕೋಳಿಯೂ ಇದನ್ನು ಹೊತ್ತು ತಿರುಗುತ್ತದೆ. ಮೊಟ್ಟೆಯಲ್ಲಿಯೂ ಇಳಿಯುತ್ತದೆ."

ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟಿದ್ದೆ. ಅವರ ಎದುರಿನಲ್ಲಿಯೇ ಬರೆದೆ: ಆ ಅಂಗಳದ ಕೋಳಿಗಳನ್ನೆಲ್ಲ ಮೊಟ್ಟೆ ಸಹಿತ ನಾಶಪಡಿಸಿ ಸುಣ್ಣದೊಡನೆ ಹೂಳತಕ್ಕದ್ದು.

ಆಕೆಯ ಮೇಲಿನ ಶಂಕೆಯನ್ನು ಬಿಟ್ಟಿದೆಯೆಂಬ ಹುಕುಂ, ಕೋಳಿಗಳನ್ನು ಕೊಲ್ಲತಕ್ಕದ್ದೆಂಬ ಹುಕುಂ ಎರಡೂ ಒಂದೇ ಲಕೋಟೆಯಲ್ಲಿ ಹೋದವು. ಅದರ ಹಿಂದೆಯೇ ನಾನು ಹೋದೆ. ನಳಿಕೆಗಳನ್ನು ಇಟ್ಟ ದಿನದಿಂದ ಹತ್ತು ದಿನವಾಗಿತ್ತು. ಹೊಂಡ ತೋಡಿಸಿದ್ದರು. ಹತ್ತೊಂಬತ್ತು ಕೋಳಿಗಳನ್ನು ಜವಾನನೂ ತೋಟಿಯೂ ಮುಗಿಸಿದರು. ಉಳಿದದ್ದು ಕುಕ್ಕೆಯಲ್ಲಿದ್ದದ್ದು.

"ಇನ್ನ ಮೂರೇ ದಿನ ಬುದ್ಧಿ" ಎಂದಳು ಆಕೆ. "ಒಳ್ಗೆ ಕುಟ್ಟೋದು ಕೇಳ್ತದೆ ಆಗ್ಲೇ."

ಆಗುವುದಿಲ್ಲವೆಂದೆ. ಆಕೆ ಕಪ್ಪು ಕೋಳಿಯನ್ನು ತಾನೇ ಎತ್ತಿ, ಅದರ ತಲೆಯನ್ನು ರೆಕ್ಕೆಯೊಳಗೆ ಮಡಿಸಿ ಹಿಡಿದುಕೊಂಡು ಹೊಂಡದವರೆಗೂ ಬಂದಳು.

ಎಲ್ಲ ಮುಗಿದು ಸುಣ್ಣ ಮುಚ್ಚಿದ ಮೇಲೆ ನಾನು ಫಿನಾಯಿಲ್ ನೀರಿನಲ್ಲಿ ಕೈ ತೊಳೆದು ಬೇಲಿಯ ಬಳಿ ನಿಂತಿದ್ದೆ. ಆಕೆ ಒಳಗಿನಿಂದ ಅದೇ ಕಂಚಿನ ಚೊಂಬು ತಂದಳು. ನನ್ನ ಎದುರಿಗೇ ಅಂಗೈಗೆ ಸ್ವಲ್ಪ ಸುರಿದುಕೊಂಡು ಕುಡಿದು, ಬಾಯಿ ಒರೆಸಿಕೊಂಡು, ಚೊಂಬನ್ನು ಮುಂದಕ್ಕೆ ಹಿಡಿದಳು.

"ಈಗ ಕುಡೀರಿ ಬುದ್ಧಿ."

ನಾನು ಚೊಂಬನ್ನು ತೆಗೆದುಕೊಂಡೆ. ಅದರಲ್ಲಿ ಏನೂ ಇಲ್ಲವೆಂಬುದಕ್ಕೆ ಇಡೀ ಮೈಸೂರು ಸೀಮೆಯಲ್ಲಿ ನನ್ನಷ್ಟು ಖಚಿತವಾದ ಸಾಕ್ಷಿ ಇನ್ನೊಬ್ಬನಿರಲಿಲ್ಲ. ನಾನೇ ಪರೀಕ್ಷಿಸಿ, ನಾನೇ ಸಹಿ ಮಾಡಿದ್ದೆ. ತುಟಿಯ ಹತ್ತಿರಕ್ಕೆ ತಂದೆ. ತಾಯಿಯ ಕೈ ಬಂದು ಹಿಡಿದುಕೊಂಡಂತೆ ಚೊಂಬು ಅಲ್ಲಿಯೇ ನಿಂತಿತು.

"ಕೈಯೆಲ್ಲ ಫಿನಾಯಿಲ್ ಆಗಿದೆಯಮ್ಮ" ಎಂದು ಹಿಂದಿರುಗಿಸಿದೆ.

"ಆಗ್ಲಿ ಬುಡಿ" ಎಂದಳು. "ಮದ್ದಿಲ್ಲ ಅಂತ ಬರ್ಕೊಟ್ರಲ್ಲ."

ಚೊಂಬನ್ನು ತೆಗೆದುಕೊಂಡು ಹೋಗಿ, ಅಂಗಳದ ಮೂಲೆಯಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿಗೆ ಮಜ್ಜಿಗೆಯನ್ನು ಸುರಿದಳು. ಸುರಿದವಳು ಸೊಂಟ ಬಗ್ಗಿಸಿ, ನಾಲಿಗೆಯಿಂದ ಲೊಚಗುಟ್ಟುತ್ತ, ಬಾ ಬಾ ಎಂದು ಎರಡು ಸಲ ಕರೆದಳು. ಮೂರನೆಯ ಸಲಕ್ಕೆ ತೆರೆದ ಬಾಯಿ ಹಾಗೆಯೇ ನಿಂತಿತು.